ಹಡಗಿನ ಕಚೇರಿಯಲ್ಲಿ ಕಾಗದಪತ್ರ: ಒಬ್ಬ ರೈಟರ್‌ನ ಅನುಭವ

ನೌಕಾಪಡೆಯಲ್ಲಿ ಹಡಗಿನ ಕಚೇರಿ ಗುಮಾಸ್ತನಿಗೆ ರೈಟರ್ ಅಂತಾರೆ. ನಾನು ಮಾಡಿದ್ದು ಅದೇ ಕೆಲಸ. ಈಗ ಹಾಸನದಲ್ಲಿ ನನ್ನನ್ನು ಹುಡುಕಿಕೊಂಡು ಬರುವವರು ಎರಡು ಥರ: ಒಡಿಶಾದ ಚಿಲ್ಕಾದಲ್ಲಿ ನಾವಿಕರ ತರಬೇತಿ ಮುಗಿಸಿ ಹಡಗಿಗೆ ಹೊರಟ ಹುಡುಗರು, ಪಿಂಚಣಿ ಕಾಗದ ಹಿಡಿದು ಬರುವ ಹಳಬರು. ಹಳಬರ ತೊಂದರೆ ಹುಟ್ಟಿರುವುದು ಬಹುಪಾಲು ಹಡಗಿನಲ್ಲೇ, ಆಗ ಬರೆಯದೆ ಬಿಟ್ಟ ಒಂದು ಸಾಲಿನಿಂದ.

ಮೊದಲು ಹೆಸರಿನ ವಿಷಯ. ನಮ್ಮ ಕಡೆ ಕೆ.ಆರ್. ಮಂಜೇಗೌಡ ಅಂದರೆ ಊರು, ಅಪ್ಪ, ಆಮೇಲೆ ತಾನು. ಫಾರಂನಲ್ಲಿ ಮೂರು ಖಾನೆ ಕಂಡ ತಕ್ಷಣ ಒಬ್ಬ ಗುಮಾಸ್ತ ‘ಮಂಜೇಗೌಡ ಕೆ ಆರ್’ ಅಂತ ಬರೆಯುತ್ತಾನೆ, ಇನ್ನೊಬ್ಬ ‘ಕಟ್ಟಾಯ ರಂಗೇಗೌಡ ಮಂಜೇಗೌಡ’ ಅಂತ ಹಿಗ್ಗಿಸುತ್ತಾನೆ, ಉತ್ತರದ ಕಡೆಯವನಾದರೆ ‘ಮಂಜೇ’ ಹೆಸರು, ‘ಗೌಡ’ ಮನೆತನ ಅಂತ ಸೀಳಿಬಿಡುತ್ತಾನೆ. ಕಂಪ್ಯೂಟರಿಗೆ ಇವರು ಮೂರು ಜನ. ನಾನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಮೂಲ ಅಂತ ಇಟ್ಟುಕೊಂಡು, ಹಡಗಿಗೆ ಹೊಸಬ ಬಂದ ವಾರದಲ್ಲೇ ಅದರ ಪಕ್ಕ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಇಟ್ಟು ಅಕ್ಷರ ಅಕ್ಷರ ತಾಳೆ ನೋಡುತ್ತಿದ್ದೆ. ವ್ಯತ್ಯಾಸ ಇದ್ದರೆ ಆಗಲೇ ಅಫಿಡವಿಟ್ ಮಾಡಿಸಬೇಕು. ನಿವೃತ್ತಿಯಾದ ಮೇಲೆ ‘ಸ್ಪರ್ಶ್’ ಪಿಂಚಣಿ ವ್ಯವಸ್ಥೆಯಲ್ಲಿ ಇದನ್ನೇ ಸರಿಪಡಿಸಲು ಹೊರಟರೆ ತಿಂಗಳುಗಟ್ಟಲೆ ಅಲೆದಾಟ.

ಸರ್ವಿಸ್ ನಂಬರಿನ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದಲ್ಲ, ಅದು ಅಲಂಕಾರಕ್ಕಲ್ಲ, ಅಂಕಿ ತಪ್ಪಿದರೆ ಹಿಡಿಯುವುದಕ್ಕೆ. ಅದನ್ನು ಬಿಟ್ಟು ಬರೆದ ಕಾಗದವನ್ನು ನಾನು ಮುಂದಕ್ಕೆ ಕಳಿಸುತ್ತಿರಲಿಲ್ಲ.

ಮದುವೆ, ಮಗು ಹುಟ್ಟಿದ್ದು, ನಾಮಿನಿ ಬದಲಾವಣೆ ಇವೆಲ್ಲ ಜೆನ್‌ಫಾರ್ಮ್ ಎಂಬ ವರದಿ ಫಾರಂ ಮೂಲಕ ನಾವಿಕರ ದಾಖಲೆ ಇಡುವ ಮುಂಬೈಯ ಕಚೇರಿಗೆ ಹೋಗಬೇಕು. ರಜೆಯಲ್ಲಿ ಊರಿಗೆ ಬಂದು ಮದುವೆಯಾದವನು ಸಬ್‌ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ ತರದೆ ಲಗ್ನಪತ್ರಿಕೆ ತಂದು ಕೊಡುತ್ತಾನೆ. ಅದು ನಡೆಯುವುದಿಲ್ಲ. ಹೆಂಡತಿಯ ಹೆಸರು ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ, ಮದುವೆ ಪತ್ರದಲ್ಲಿ ಲಕ್ಷ್ಮೀದೇವಿ ಅಂತಿದ್ದರೆ ನಾಳೆ ಕುಟುಂಬ ಪಿಂಚಣಿಗೆ ಅಲೆಯುವುದು ಆಕೆ. ಕಳಿಸಿದ ಮೇಲೆ ಕೆಲಸ ಮುಗಿಯಿತು ಅಂತಲೂ ಅಲ್ಲ. ರವಾನೆ ರಿಜಿಸ್ಟರಿನಲ್ಲಿ ‘ಉತ್ತರ ಬಂದ ದಿನ’ ಅಂತ ಇನ್ನೊಂದು ಖಾನೆ ಗೆರೆ ಹಾಕಿಟ್ಟಿದ್ದೆ. ಅದು ಖಾಲಿ ಇರುವಷ್ಟು ದಿನ ಕಾಗದ ನನ್ನ ಮೇಜಿನ ಮೇಲೇ ಇದೆ ಎಂಬ ಲೆಕ್ಕ.

ಹಡಗು ಬಂದರು ಬಿಡುವ ಮುಂಚೆ ಹಡಗಿನಲ್ಲಿರುವವರ ಹೆಸರುಪಟ್ಟಿ ದಡಕ್ಕೆ ಹೋಗಲೇಬೇಕು. ಕೊನೆ ಗಳಿಗೆಯಲ್ಲಿ ಆಸ್ಪತ್ರೆಗೆ ಇಳಿದವನು, ರಿಪೇರಿಗೆಂದು ಹತ್ತಿದ ಡಾಕ್‌ಯಾರ್ಡ್ ಕೆಲಸಗಾರ ಇಂಥವರೇ ತಪ್ಪಿಹೋಗುವುದು. ನಿನ್ನೆಯ ಪಟ್ಟಿಗೆ ದಿನಾಂಕ ಬದಲಿಸಿ ಕೊಡುವ ಚಾಳಿ ಕೆಲವರಿಗಿದೆ. 1971ರ ಪಾಕಿಸ್ತಾನದ ಯುದ್ಧದಲ್ಲಿ, ಡಿಸೆಂಬರ್ 9ರ ರಾತ್ರಿ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಮುಳುಗಿದಾಗ 18 ಅಧಿಕಾರಿಗಳು, 176 ನಾವಿಕರು ಹೋದರು. ಹಡಗಿನ ಜೊತೆ ಕಚೇರಿಯೂ ಮುಳುಗುತ್ತದೆ. ಆಮೇಲೆ ಮನೆಯವರಿಗೆ ಸುದ್ದಿ ಮುಟ್ಟಿಸಲು ಉಳಿಯುವುದು ದಡದಲ್ಲಿರುವ ಕಾಗದ ಮಾತ್ರ.

ಲಾಗ್, ಅಂದರೆ ಹಡಗಿನಲ್ಲಿ ಆಗಾಗ ನಡೆದದ್ದರ ದಾಖಲೆ ಪುಸ್ತಕ, ಬರೆಯುವುದು ಆ ಪಾಳಿಯ (ವಾಚ್) ಅಧಿಕಾರಿಯ ಹೊಣೆ, ರೈಟರ್‌ನದಲ್ಲ. ಆದರೂ ತಿಳಿದಿರಬೇಕು. ತಪ್ಪಾದರೆ ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಚಿಕ್ಕ ರುಜು. ವೈಟ್‌ನರ್ ಮುಟ್ಟುವಂತಿಲ್ಲ. ವಾಚ್ ಮುಗಿದ ಮೇಲೆ ನೆನಪಿನಿಂದ ಅಂದವಾಗಿ ಬರೆದ ಪುಟಕ್ಕಿಂತ ವಕ್ರ ಅಕ್ಷರದಲ್ಲಿ ಆಗಲೇ ಗೀಚಿದ್ದಕ್ಕೆ ಬೆಲೆ ಜಾಸ್ತಿ. ವಿಚಾರಣೆ ಬಂದರೆ ಹಡಗು ನಡೆಸುವ ಕಟ್ಟೆಯ ಬ್ರಿಡ್ಜ್ ಲಾಗ್, ಎಂಜಿನ್ ರೂಮ್ ರಿಜಿಸ್ಟರ್, ಸಿಗ್ನಲ್ ಲಾಗ್ ಮೂರರಲ್ಲೂ ಅದೇ ನಿಮಿಷದಲ್ಲಿ ಏನಿದೆ ಅಂತ ಹೋಲಿಸುತ್ತಾರೆ. ಆದ್ದರಿಂದ ಗಡಿಯಾರಗಳನ್ನು ಮೊದಲು ಹೊಂದಿಸಿಕೊಳ್ಳಬೇಕು. ಹೊಸಬರು ಎಡವುವುದು ಇನ್ನೊಂದು ಕಡೆ: ಗಾಳಿಗೆ ಅದು ಬರುವ ದಿಕ್ಕನ್ನು ಬರೆಯಬೇಕು, ನೀರಿನ ಸೆಳೆತಕ್ಕೆ ಅದು ಹೋಗುವ ದಿಕ್ಕನ್ನು.

ಸಿಗ್ನಲ್, ಅಂದರೆ ನೌಕಾಪಡೆಯ ಸಂದೇಶದ ದಿನಾಂಕದಲ್ಲೂ ಇಂಥದೇ ತೊಡಕು. ‘052000’ ಆದ ಮೇಲೆ ‘ಝಡ್’ ಇದ್ದರೆ 5ನೇ ತಾರೀಕು ಗ್ರೀನ್‌ವಿಚ್ ಕಾಲಮಾನ ರಾತ್ರಿ 8 ಗಂಟೆ. ಐದೂವರೆ ಗಂಟೆ ಕೂಡಿಸಿದರೆ ನಮಗೆ 6ನೇ ತಾರೀಕು ಬೆಳಗಿನ ಜಾವ ಒಂದೂವರೆ. ವರ್ಗಾವಣೆ ದಿನಾಂಕ ಹೀಗೆ ಒಂದು ದಿನ ಜಾರಿದರೆ ಭತ್ಯೆ ಲೆಕ್ಕವೂ ಜಾರುತ್ತದೆ.

ಹಡಗಿನ ಒಳಗಿನ ತೇವ ಸಕಲೇಶಪುರದ ಆಷಾಢದ ಹಾಗೆ, ಅದರ ಜೊತೆಗೆ ಉಪ್ಪು. ಗುಂಡುಸೂಚಿ, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಕಾಗದವನ್ನೇ ತಿನ್ನುತ್ತವೆ. ನಾನು ದಾರದ ಟ್ಯಾಗ್ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಬಾಲ್‌ಪೆನ್ನೇ ಸರಿ. ಪ್ಲಾಸ್ಟಿಕ್ ಕವರಿಗೆ ಹಾಕುವುದಾದರೆ ಕಾಗದ ಒಣಗಿರಬೇಕು, ಇಲ್ಲದಿದ್ದರೆ ಒಳಗೇ ಬೂಷ್ಟು. ಲ್ಯಾಮಿನೇಷನ್ ಮಾತ್ರ ಬೇಡ. ಸರ್ವಿಸ್ ಸರ್ಟಿಫಿಕೇಟಿನ ಮೇಲೆ ಮುಂದೆ ಯಾವುದಾದರೂ ಕಚೇರಿಯವರು ಮೊಹರು ಒತ್ತಬೇಕಾಗಿ ಬಂದರೆ ಜಾಗವೇ ಇರುವುದಿಲ್ಲ.