ಜಡೆ ಹೆಣೆಯುವ ಸಲೂನಿನಲ್ಲಿ ಪ್ರೆಪ್: ನನ್ನ ಅನುಭವ

ಪ್ರೆಪ್ ಅಂದರೆ ಎಚ್‌ಐವಿ ಇಲ್ಲದವರು ಅದು ಅಂಟದಂತೆ ತೆಗೆದುಕೊಳ್ಳುವ ಔಷಧಿ, ಸಾಮಾನ್ಯವಾಗಿ ಮಾತ್ರೆ. ಈ ಕೆಲಸದಲ್ಲಿ ಇರುವವರಿಗೆ ಅದರ ಪಾಠ ಬೇಕಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಕಪ್ಪು ಸಮುದಾಯದ ಹೆಂಗಸರಿಗೆ ಅದನ್ನು ಮುಟ್ಟಿಸಿದ್ದು ಹೇಗೆ ಅಂತ ಮಾತ್ರ ಹೇಳುತ್ತೇನೆ.

ಮೊದಲ ವರ್ಷ ಪೂರಾ ದಂಡ. ಚರ್ಚಿನ ಅಂಗಳದಲ್ಲಿ ಮೇಜು ಹಾಕಿದೆ, ಕರಪತ್ರ ಹಂಚಿದೆ, ಪಿಜ್ಜಾ ತರಿಸಿದೆ. ಹತ್ತಿರ ಹತ್ತಿರ 1,500 ಡಾಲರ್ ಹೋಯಿತು. ಪಿಜ್ಜಾ ಖಾಲಿ, ಮಾತ್ರೆ ಶುರು ಮಾಡಿದವರು ಇಬ್ಬರು. ‘ಅದು ಗೇ ಗಂಡಸರ ಮಾತ್ರೆ ಅಲ್ವಾ?’ ಎಂದು ನಕ್ಕರು. ತಪ್ಪು ಅವರದಲ್ಲ. 2019ರಲ್ಲಿ ಡೆಸ್ಕೋವಿ ಎಂಬ ಮಾತ್ರೆಗೆ ಪ್ರೆಪ್ ಆಗಿ ಒಪ್ಪಿಗೆ ಸಿಕ್ಕಿದ್ದೇ ಹೆಂಗಸರನ್ನು ಬಿಟ್ಟು. ಒಬ್ಬ ಅಜ್ಜಿಯಂತೂ ‘ಟಸ್ಕೀಗೀ ಮರೆತಿಲ್ಲ ಮಗಳೇ’ ಎಂದು ಕರಪತ್ರ ವಾಪಸ್ ಕೊಟ್ಟರು. ಪಕ್ಕದ ಅಲಬಾಮಾದಲ್ಲಿ 1932ರಿಂದ 40 ವರ್ಷ ಸರ್ಕಾರಿ ಡಾಕ್ಟರುಗಳು ಕಪ್ಪು ಗಂಡಸರ ಸಿಫಿಲಿಸ್‌ಗೆ ಔಷಧಿ ಕೊಡದೆ ಸುಮ್ನೆ ನೋಡುತ್ತಾ ಕೂತಿದ್ದರಲ್ಲ, ಅದು. ನಾನೇನು ಹೇಳಲಿ?

ಇಲ್ಲಿ ಸಣ್ಣ ಜಡೆ ಹೆಣೆಸಿಕೊಳ್ಳಲು ಐದಾರು ಗಂಟೆ ಕೂರಬೇಕು. ಸಲೂನಿಗೇ ಹೋಗುತ್ತೇನೆ ಎಂದಾಗ ಜೊತೆಯವರು ಆಡಿಕೊಂಡರು. ನಾಲ್ಕು ಶನಿವಾರ ಪ್ರೆಪ್ ಮಾತೇ ಎತ್ತಲಿಲ್ಲ. ನನ್ನ ತಲೆಯನ್ನೇ ಒಪ್ಪಿಸಿದೆ, 180 ಡಾಲರ್. ಅದೇನು ಎಳೆತ ಮಾರಾಯರೇ, ಎರಡು ರಾತ್ರಿ ನಿದ್ದೆಯಿಲ್ಲ. ಐದನೇ ವಾರ ಒಡತಿಯೇ ಕೇಳಿದರು, ‘ಅಂದಹಾಗೆ, ನಿನ್ನ ಕೆಲಸ ಏನು?’

ರೋಗದ ಸುದ್ದಿ ಬಿಟ್ಟು ದುಡ್ಡಿನ ಸುದ್ದಿ ಎತ್ತಿದೆ. ಟ್ರುವಾಡಾ ಎಂಬ ಪ್ರೆಪ್ ಮಾತ್ರೆ ಒಂದು ಕಾಲಕ್ಕೆ ತಿಂಗಳಿಗೆ 1,500 ಡಾಲರ್ ದಾಟಿತ್ತು. 2021ರಲ್ಲಿ ಜೆನೆರಿಕ್‌ಗಳು, ಅಂದರೆ ಬೇರೆ ಕಂಪನಿಗಳ ಅದೇ ಔಷಧಿಯ ಅಗ್ಗದ ಮಾತ್ರೆಗಳು, ಸಾಲಾಗಿ ಬಂದವು. ಈಗ ರಿಯಾಯಿತಿ ಕೂಪನ್ ಹಿಡಿದರೆ 30 ಡಾಲರ್ ಆಸುಪಾಸು. ಕಾಟ ಕೊಟ್ಟಿದ್ದು ಪ್ರೆಪ್ ಜೊತೆ ಮಾಡಿಸಬೇಕಾದ ಟೆಸ್ಟುಗಳ ಲ್ಯಾಬ್ ಬಿಲ್. ಇನ್ಶೂರೆನ್ಸ್ ಇದ್ದ ಒಬ್ಬಾಕೆಗೆ ಸುಮಾರು 400 ಡಾಲರ್ ಬಿಲ್ ಬಂತು, ಆಕೆ ಮಾತ್ರೆಯನ್ನೇ ಬಿಟ್ಟಳು. ನೋಡಿದರೆ ಲ್ಯಾಬಿನವರು ಇನ್ಶೂರೆನ್ಸಿಗೆ ಹಾಕಿದ ಬಿಲ್ಲಿನ ಕೋಡ್ ತಪ್ಪು. ಈಗ ಪ್ರೆಪ್‌ಗೆ ಅಂತಲೇ ಇರುವ ಕೋಡ್ ಝಡ್ 29.81 ಅಂತ ನಾನೇ ದಪ್ಪಗೆ ಬರೆದು ಕಳಿಸುತ್ತೇನೆ. ಇನ್ಶೂರೆನ್ಸ್ ಇಲ್ಲದವರ ಪಾಡು ಬೇರೆ. ಬಡವರಿಗಿರುವ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇಡನ್ನು ಜಾರ್ಜಿಯಾ ಪೂರ್ತಿ ವಿಸ್ತರಿಸಿಲ್ಲ. ಅವರಿಗೆ ಹೇಗೆ ಹೊಂದಿಸುತ್ತೇನೆ ಅನ್ನೋದು ನನ್ನ ಗುಟ್ಟು.

ಇನ್ನೊಂದು ಕಿತಾಪತಿ. ಬ್ಯಾಗಿನಲ್ಲಿ ಡಬ್ಬಿ ಗಲಗಲ ಅನ್ನುತ್ತದೆ, ಅತ್ತೆಗೆ ಕೇಳಿಸುತ್ತದೆ ಎಂದಳು ಒಬ್ಬಳು. ಹತ್ತಿ ತುರುಕಿ ಕೊಟ್ಟೆ. ಆಮೇಲೆ ಎಲ್ಲರೂ ಹತ್ತಿ ಕೇಳತೊಡಗಿದರು! ಮಾತ್ರೆ ಜ್ಞಾಪಿಸುವ ಮೆಸೇಜ್ ಮಾತ್ರ ಕೈಕೊಟ್ಟಿತು. ಮಾತ್ರೆ ಅನ್ನದೆ ಗುಟ್ಟಾಗಿ ‘ಗಿಡಕ್ಕೆ ನೀರು ಹಾಕಿದ್ಯಾ?’ ಅಂತ ಕಳಿಸಿದರೆ ಮೂವರು ನಿಜವಾಗಿ ಗಿಡದ ಫೋಟೊ ಕಳಿಸಿದರು.

ಒಂದೂವರೆ ವರ್ಷದಲ್ಲಿ ಅರವತ್ತರ ಹತ್ತಿರ ಜನ ಶುರು ಮಾಡಿದರು. ನಲವತ್ತು ಚಿಲ್ಲರೆ ಜನ ಮೂರು ತಿಂಗಳಿಗೊಮ್ಮೆಯ ಟೆಸ್ಟಿಗೆ ಬರುತ್ತಿದ್ದಾರೆ, ಕೆಲವರು ಮಾತ್ರೆ ಬಿಟ್ಟು ಎರಡು ತಿಂಗಳಿಗೊಮ್ಮೆಯ ಪ್ರೆಪ್ ಇಂಜೆಕ್ಷನ್‌ಗೆ ಹೋದರು. ಆಡಿಕೊಂಡವರು ಈಗ ಸಲೂನಿನ ವಿಳಾಸ ಕೇಳುತ್ತಾರೆ. ಜಡೆಯ 180 ಡಾಲರ್ ಮಾತ್ರ ಆಫೀಸಿನವರು ಇನ್ನೂ ಕೊಟ್ಟಿಲ್ಲ.