ಕಾರಿನ ಮೇಲೊಂದು ಅಟ್ಟಣೆ: ರೂಫ್ ಟೆಂಟ್ ಕೊಳ್ಳುವ ಮೊದಲು ಏನೇನು ನೋಡಬೇಕು?

ರಾಗಿ ಹೊಲ ಕಾಯಲು ಅಟ್ಟಣೆ ಮೇಲೆ ಮಲಗಿದವರಿಗೆ ಈ ಸುಖ ಗೊತ್ತು. ನೆಲದ ಶೀತ ಬೆನ್ನಿಗೆ ತಾಕುವುದಿಲ್ಲ. ಹುಳಹುಪ್ಪಟೆ ಕಾಟ ಕಡಿಮೆ. ಕಣ್ಣು ಬಿಟ್ಟರೆ ಇಡೀ ಹೊಲ ಕಾಣುತ್ತದೆ. ಕಾರಿನ ಚಾವಣಿಗೆ ಬಿಗಿಯುವ ಟೆಂಟ್ ಕೂಡ ಅಂಥದೇ ಅಟ್ಟಣೆ, ಚಕ್ರ ಇರುವಂಥದ್ದು. ಆಫ್ರಿಕಾ, ಆಸ್ಟ್ರೇಲಿಯಾದ ದೂರದ ದಾರಿಗಳಲ್ಲಿ ಇದು ಮಾಮೂಲು. ಹಿಂದೆ ಪೂರ್ವ ಜರ್ಮನಿಯವರು ಟ್ರಾಬಂಟ್ ಎಂಬ ಪುಟ್ಟ ಕಾರಿನ ಮೇಲೂ ಇದನ್ನು ಕಟ್ಟಿಕೊಂಡು ರಜೆಗೆ ಹೋಗುತ್ತಿದ್ದರು. ಈಗ ನಮ್ಮ ಚಿಕ್ಕಮಗಳೂರು, ಸಕಲೇಶಪುರದ ದಾರಿಯಲ್ಲೂ ಕಣ್ಣಿಗೆ ಬೀಳುತ್ತಿದೆ.

ನನಗೆ ಇದು ತುಂಬಾ ಇಷ್ಟ. ಆದರೆ ಎಲ್ಲರಿಗೂ ಒಗ್ಗುವುದಿಲ್ಲ. ನೆಲದ ಟೆಂಟ್ ಕೆಲವೇ ಸಾವಿರಕ್ಕೆ ಸಿಗುತ್ತದೆ, ಇದಕ್ಕೆ ಲಕ್ಷದ ಲೆಕ್ಕದಲ್ಲಿ ದುಡ್ಡು ಬೇಕು. ಹಾಗಾಗಿ ಒಂದೊಂದೇ ಹೆಜ್ಜೆ ನೋಡಿಕೊಂಡು ಮುಂದುವರಿಯಿರಿ.

ಹೆಜ್ಜೆ 1: ನಿಮ್ಮ ತಿರುಗಾಟ ಎಂಥದ್ದು?

ದಿನಕ್ಕೊಂದು ಊರು ಅನ್ನುವವರಿಗೆ ಇದು ಹೇಳಿ ಮಾಡಿಸಿದ್ದು. ಇವತ್ತು ಮುರುಡೇಶ್ವರ, ನಾಳೆ ಗೋಕರ್ಣ, ನಾಡಿದ್ದು ಯಾಣ ಅಂತ ಹೊರಟವರು ಸಂಜೆ ಕಾರು ನಿಲ್ಲಿಸಿ, ಐದು ಹತ್ತು ನಿಮಿಷದಲ್ಲಿ ಟೆಂಟ್ ಬಿಚ್ಚಿ ಮಲಗಬಹುದು. ಗಟ್ಟಿ ಮುಚ್ಚಳದ ಟೆಂಟ್ ಆದರೆ ಒಂದೆರಡು ನಿಮಿಷ ಸಾಕು. ಹಾಸಿಗೆಯೂ ಅದರೊಳಗೇ ಇರುತ್ತದೆ.

ಒಂದೇ ಕಡೆ ಮೂರು ದಿನ ಇರುವವರಿಗೆ ಇದೇ ತಲೆನೋವು. ಬೆಳಿಗ್ಗೆ ಹಾಲು ತರಲು ಕಾರು ಬೇಕಾದರೂ ಮೊದಲು ಮನೆ ಮಡಚಬೇಕು! ಅಂಥವರು ನೆಲದ ಟೆಂಟ್ ತೆಗೆದುಕೊಳ್ಳುವುದೇ ಒಳ್ಳೆಯದು.

ಹೆಜ್ಜೆ 2: ಚಾವಣಿ ಎಷ್ಟು ಭಾರ ಹೊರುತ್ತದೆ?

ಇದರಲ್ಲಿ ಮಾತ್ರ ಅಂದಾಜು ಕೆಲಸ ಬೇಡ. ಕಾರಿನ ಜೊತೆ ಬರುವ ಪುಸ್ತಕ ತೆಗೆದು ‘ರೂಫ್ ಲೋಡ್’ ಎಷ್ಟು ಅಂತ ನೋಡಿ. ಅದು ಕಾರು ಓಡುವಾಗ ಹೊರಬಹುದಾದ ಭಾರ. ಬ್ರೇಕ್, ತಿರುವು, ಗುಂಡಿಯ ಕುಲುಕಾಟ ಎಲ್ಲ ಲೆಕ್ಕಕ್ಕೆ ಹಿಡಿದು ಕೊಟ್ಟಿರುತ್ತಾರೆ. ಆದ್ದರಿಂದ ಕಡಿಮೆಯೇ ಇರುತ್ತದೆ.

ಒಂದು ಲೆಕ್ಕ ಹಾಕೋಣ. ಪುಸ್ತಕದಲ್ಲಿ 75 ಕೆ.ಜಿ. ಅಂತ ಇದೆ ಅಂದುಕೊಳ್ಳಿ. ಟೆಂಟ್ 55 ಕೆ.ಜಿ., ಅದನ್ನು ಹಿಡಿದಿಡುವ ಅಡ್ಡ ಕಂಬಿ 6 ಕೆ.ಜಿ. ಒಟ್ಟು 61. ಸರಿ, ಹೋಗಬಹುದು. ಪುಸ್ತಕದಲ್ಲಿ 50 ಅಂತಿದ್ದರೆ ಆ ಟೆಂಟ್ ಆಸೆ ಬಿಡಬೇಕು. ಅಡ್ಡ ಕಂಬಿಗೂ ತನ್ನದೇ ಮಿತಿ ಇರುತ್ತದೆ. ಚಾವಣಿ, ಕಂಬಿ ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

‘ರಾತ್ರಿ ಇಬ್ಬರು ಮಲಗಿದರೆ 200 ಕೆ.ಜಿ. ಆಗುತ್ತದಲ್ವಾ?’ ಅಂತ ಕೇಳಬಹುದು. ನಿಂತ ಕಾರಿಗೆ ಕುಲುಕಾಟ ಇಲ್ಲ, ಹಾಗಾಗಿ ಚಾವಣಿ ಪುಸ್ತಕದಲ್ಲಿರುವ ಲೆಕ್ಕಕ್ಕಿಂತ ತುಂಬಾ ಜಾಸ್ತಿ ತಾಳುತ್ತದೆ. ಆದರೂ ಕಾರಿನ ಕಂಪನಿಯವರಿಗೆ ಈ ಎರಡನೇ ಲೆಕ್ಕವನ್ನೂ ಕೇಳಿಯೇ ಕೊಳ್ಳಿ. ಹಾಗೆಯೇ ಆರ್‌ಟಿಒ ಕಚೇರಿಯಲ್ಲಿ, ವಿಮೆಯವರಲ್ಲಿ ಒಂದು ಮಾತು ಕೇಳಿಬಿಡಿ. ಅಪಘಾತ ಆದಮೇಲೆ ಕೇಳಿ ಪ್ರಯೋಜನ ಇಲ್ಲ.

ಇಷ್ಟು ಭಾರ ತಲೆ ಮೇಲೆ ಕೂತರೆ ಕಾರಿನ ನಡೆಯೂ ಬದಲಾಗುತ್ತದೆ. ಘಾಟಿಯ ತಿರುವಿನಲ್ಲಿ ವಾಲುವುದು ಗೊತ್ತಾಗುತ್ತದೆ. ಗಾಳಿಗೆ ತಡೆ ಜಾಸ್ತಿ, ಹಾಗಾಗಿ ಮೈಲೇಜ್ ಇಳಿಯುತ್ತದೆ. ಶಿರಾಡಿಯಲ್ಲಿ ಇಳಿಯುವಾಗ ನಾನು ಮೊದಲಿನ ವೇಗದಲ್ಲಿ ಹೋಗುವುದೇ ಇಲ್ಲ.

ಹೆಜ್ಜೆ 3: ಎತ್ತರ ಅಳೆಯಿರಿ

ಟೇಪ್ ಹಿಡಿದು ನೆಲದಿಂದ ಟೆಂಟಿನ ತುದಿವರೆಗೆ ಅಳೆಯಿರಿ. ಆ ಸಂಖ್ಯೆ ಚೀಟಿಯಲ್ಲಿ ಬರೆದು ಸ್ಟೀರಿಂಗ್ ಹತ್ತಿರ ಅಂಟಿಸಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟು, ಮಾಲ್‌ ಪಾರ್ಕಿಂಗಿನಲ್ಲಿ ಅದು ಬೇಕಾಗುತ್ತದೆ.

ಹೆಜ್ಜೆ 4: ಬಾಡಿಗೆಗೆ ತಂದು ಒಂದು ರಾತ್ರಿ ಮಲಗಿ

ಮನೆಯವರೆಲ್ಲ ಮಲಗಿ ನೋಡಬೇಕು. ನಮ್ಮ ಅಮ್ಮನಿಗೆ 68 ವರ್ಷ, ಮಂಡಿ ನೋವಿದೆ. ಸಂಜೆ ಖುಷಿಯಿಂದಲೇ ಏಣಿ ಹತ್ತಿದರು. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರು, ‘ಈಗ ಇಳಿಯೋದು ಹೆಂಗೋ?’ ಅಂತ. ಏಣಿಯ ಮೆಟ್ಟಿಲು ಇಬ್ಬನಿಗೆ ನೆನೆದು ಜಾರುತ್ತಿತ್ತು. ಅಮ್ಮನ ಕಾಲ್ಬೆರಳು ಕತ್ತಲಲ್ಲಿ ಮೆಟ್ಟಿಲು ಹುಡುಕುತ್ತಿತ್ತು. ನಾನು ಕೆಳಗೆ ನಿಂತು ಒಂದೊಂದೇ ಪಾದವನ್ನು ಹಿಡಿದು ಇರಿಸಿದೆ. ಅವತ್ತಿನಿಂದ ಅಮ್ಮನಿಗೆ ನೆಲದ ಟೆಂಟ್, ನಮಗೆ ಮೇಲಿನದು. ವಯಸ್ಸಾದವರು, ಚಿಕ್ಕ ಮಕ್ಕಳು, ಬಸುರಿಯರು ಇದ್ದರೆ ಈ ಏಣಿಯೊಂದನ್ನೇ ನೋಡಿ ತೀರ್ಮಾನ ಮಾಡಿ.

ಹೆಜ್ಜೆ 5: ಎಲ್ಲಿ ನಿಲ್ಲಿಸಬೇಕು?

ಮಲೆನಾಡಿನ ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದವರಿಗೆ ಇಂಬಳದ ಕಾಟ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಉಣ್ಣೆ. ಮಂಗನ ಕಾಯಿಲೆ ಹರಡುವುದೇ ಈ ಉಣ್ಣೆಗಳಿಂದ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಅದು. ಮೇಲೆ ಮಲಗಿದರೆ ಈ ಭಯ ಕಡಿಮೆ. ಆದರೆ ಸಂಜೆಯೆಲ್ಲ ಕೆಳಗೆ ಒಣ ಎಲೆ ಮೇಲೆ ಕೂತಿದ್ದರೆ ಟೆಂಟ್ ಏನೂ ಮಾಡಲಾಗದು.

ಎತ್ತರದಲ್ಲಿದ್ದೇವೆ, ಕಾಡುಪ್ರಾಣಿಗಳಿಂದ ಪಾರು ಅನ್ನುವ ನಂಬಿಕೆ ಮಾತ್ರ ಖಂಡಿತ ಬೇಡ. ಆನೆಗೆ ಆ ಎತ್ತರ ಲೆಕ್ಕವೇ ಅಲ್ಲ, ಚಿರತೆ ಒಂದೇ ನೆಗೆತಕ್ಕೆ ಏರುತ್ತದೆ. ಬಂಡೀಪುರ, ನಾಗರಹೊಳೆ, ಭದ್ರಾ, ಬಿಆರ್‌ಟಿ, ಕಾಳಿ ಹುಲಿ ಕಾಡುಗಳಲ್ಲಿ ಎಲ್ಲೆಂದರಲ್ಲಿ ಕಾರು ನಿಲ್ಲಿಸಿ ಮಲಗುವಂತಿಲ್ಲ. ಬಂಡೀಪುರದ ಹೆದ್ದಾರಿಯಲ್ಲಂತೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳನ್ನೇ ಬಿಡುವುದಿಲ್ಲ. ಕಾಫಿ ತೋಟದ ಹೋಂಸ್ಟೇ ಅಂಗಳದಲ್ಲಿ ಜಾಗ ಕೇಳಿ. ಶೌಚಾಲಯವೂ ಸಿಗುತ್ತದೆ, ನಿದ್ದೆಯೂ ಬರುತ್ತದೆ.

ಹೆಜ್ಜೆ 6: ಕಾರು ಸಮ ಮಾಡಿ

ಸ್ವಲ್ಪ ಇಳಿಜಾರಿದ್ದರೂ ರಾತ್ರಿಯೆಲ್ಲ ಒಂದು ಮೂಲೆಗೆ ಜಾರುತ್ತಿರುತ್ತೀರಿ. ಕಾರಿನೊಳಗೆ ಸಮತಟ್ಟಾದ ಜಾಗದಲ್ಲಿ ಅರ್ಧ ತುಂಬಿದ ನೀರಿನ ಬಾಟಲಿ ಮಲಗಿಸಿ ನೋಡಿ, ಯಾವ ಕಡೆ ಇಳಿಜಾರು ಅಂತ ತಿಳಿಯುತ್ತದೆ. ತಗ್ಗಿನ ಕಡೆಯ ಚಕ್ರವನ್ನು ಗಟ್ಟಿ ಹಲಗೆ ಮೇಲೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಕಾರಿನ ಮೂತಿ ಗಾಳಿ ಬರುವ ಕಡೆಗಿರಲಿ. ಅಡ್ಡ ಗಾಳಿಗೆ ಸಿಕ್ಕರೆ ಬಟ್ಟೆ ಪಟಪಟ ಬಡಿದು ನಿದ್ದೆ ಹಾಳು. ಟೆಂಟಿನೊಳಗೆ ಒಲೆ, ಇದ್ದಿಲು, ಸೊಳ್ಳೆಬತ್ತಿ ಯಾವುದೂ ಬೇಡ.

ಹೆಜ್ಜೆ 7: ಬೆಳಗಿನ ಒದ್ದೆ

ಈ ಹೆಜ್ಜೆ ತಪ್ಪಿದರೆ ಟೆಂಟೇ ಹಾಳಾಗುತ್ತದೆ. ಇಬ್ಬರ ಉಸಿರಿನ ಹಬೆ ತಣ್ಣನೆಯ ಬಟ್ಟೆಗೆ ತಾಗಿ ನೀರಾಗುತ್ತದೆ. ಹಾಸಿಗೆಯ ಅಡಿಯಲ್ಲೂ ಇದೇ ಕತೆ. ಮೇಲೆ ಮೈ ಬಿಸಿ, ಕೆಳಗೆ ಹಲಗೆ ತಣ್ಣಗೆ. ಚಳಿ ಅಂತ ಎಲ್ಲ ಕಿಟಕಿ ಮುಚ್ಚಿದರೆ ಇನ್ನೂ ಜಾಸ್ತಿ. ಎದುರುಬದುರಿನ ಎರಡು ಕಿಟಕಿಯನ್ನು ನಾಲ್ಕು ಬೆರಳಗಲ ತೆರೆದಿಡಿ. ಹಾಸಿಗೆ ಕೆಳಗೆ ಗಾಳಿಯಾಡುವ ಜಾಲರಿ ಚಾಪೆ ಹಾಕಿ.

ಒಮ್ಮೆ ಡಿಸೆಂಬರ್‌ನಲ್ಲಿ ಮೂಡಿಗೆರೆಯಿಂದ ಒದ್ದೆ ಟೆಂಟ್ ಹಾಗೇ ಮಡಚಿ ಬಂದೆ. ಭಾನುವಾರ ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ್ದು, ಗುರುವಾರ ಬಿಚ್ಚಿದೆ. ಹಳೇ ಗೋಣಿಚೀಲದಂಥ ಮುಗ್ಗು ವಾಸನೆ. ಹಾಸಿಗೆಯ ಹೊಲಿಗೆ ಉದ್ದಕ್ಕೂ ಸಾಸಿವೆಯಷ್ಟು ಕಪ್ಪು ಚುಕ್ಕಿ, ಬೂಷ್ಟು. ಸೋಪಿನ ನೀರಲ್ಲಿ ಉಜ್ಜಿ ಎರಡು ದಿನ ಬಿಸಿಲಿಗೆ ಹಾಕಿದೆ. ವಾಸನೆ ಹೋಯಿತು, ಚುಕ್ಕಿ ಹೋಗಲಿಲ್ಲ. ಒದ್ದೆ ಇರುವಾಗಲೇ ಮಡಚಬೇಕಾಗಿ ಬಂದರೆ ಮನೆ ತಲುಪಿದ ದಿನವೇ, ಹೆಚ್ಚೆಂದರೆ ಮಾರನೇ ದಿನ, ಬಿಚ್ಚಿ ಒಣಗಿಸಿ. ಬಿಚ್ಚಿಡಲು ಬಿಸಿಲಿನ ಜಾಗ ಇಲ್ಲದವರು ಕೊಳ್ಳುವ ಬದಲು ಬೇಕಾದಾಗ ಬಾಡಿಗೆಗೆ ತರುವುದೇ ಮೇಲು.

ಹೆಜ್ಜೆ 8: ಬೋಲ್ಟ್ ನೋಡಿ

ಹೊರಟ ಮೇಲೆ ಮೊದಲ 50 ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ. ಟೆಂಟಿನ ನಾಲ್ಕು ಮೂಲೆಯನ್ನೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಕೂದಲೆಳೆಯಷ್ಟು ಸಡಿಲ ಕಂಡರೂ ಸ್ಪ್ಯಾನರ್ ತೆಗೆದು ಬಿಗಿ ಮಾಡಿ. ಆಮೇಲೆ ಪ್ರತಿದಿನ ಬೆಳಿಗ್ಗೆ ಕಾರು ಚಾಲೂ ಮಾಡುವ ಮೊದಲು ಇದನ್ನೇ ಮತ್ತೆ ಮಾಡಿ, ಏಣಿ ಒಳಗಿಟ್ಟಿದ್ದೀರಾ ಅಂತಲೂ ನೋಡಿಕೊಳ್ಳಿ.