ಎಥೆನಾಲ್‌ಗೆ ಸಿಹಿದಂಟಿನ ಜೋಳ: ಮಂಡ್ಯದ ಹೊಲಕ್ಕೆ ಒಂದು ಕೈಪಿಡಿ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗದಲ್ಲಿ ಕಬ್ಬಿಗೆ ನೀರು ಸಾಲದಿದ್ದರೆ ಸಿಹಿದಂಟಿನ ಜೋಳ ಹಾಕಿ. ಇದರ ದಂಟಿನ ಸಿಹಿರಸ ಹುದುಗಿಸಿ, ಬಟ್ಟಿ ಇಳಿಸಿದರೆ ಎಥೆನಾಲ್ ಎಂಬ ಇಂಧನ ಸಿಗುತ್ತದೆ. ಸುಮಾರು 4 ತಿಂಗಳ ಬೆಳೆ, ಕಬ್ಬಿಗಿಂತ ಬಹಳ ಕಡಿಮೆ ನೀರು ಸಾಕು. ಎಸ್‌ಎಸ್‌ವಿ 84, ಸಿಎಸ್‌ಎಚ್ 22 ಎಸ್‌ಎಸ್ ಇದಕ್ಕೆಂದೇ ಬಂದ ತಳಿಗಳು.

ಮುಂಗಾರು ಹಿಡಿದ ಕೂಡಲೇ ಬಿತ್ತಿ. ತಡವಾದರೆ ಸುಳಿನೊಣದ ಮರಿಹುಳು ಸುಳಿಯನ್ನೇ ತಿನ್ನುತ್ತದೆ. ಎಕರೆಗೆ 3 ಕೆ.ಜಿ. ಬೀಜ, ಸಾಲಿಗೆ 2 ಅಡಿ, ಗಿಡಕ್ಕೆ ಅರ್ಧ ಅಡಿ ಅಂತರ. 15–20 ದಿನಕ್ಕೆ ಒತ್ತಾದ ಪೈರು ಕೀಳಿ. ಕಿತ್ತ ಎಳೆಪೈರನ್ನು ದನಕ್ಕೆ ಹಾಕಲೇಬೇಡಿ, ಅದರಲ್ಲಿ ಸಯನೈಡ್ ವಿಷವಿರುತ್ತದೆ. ಸಾರಜನಕ ಎಕರೆಗೆ 32 ಕೆ.ಜಿ., ಅರ್ಧ ಬಿತ್ತುವಾಗ, ಉಳಿದರ್ಧ ಬಿತ್ತಿ ಒಂದು ತಿಂಗಳಾದಾಗ. ಯೂರಿಯಾ ಹೆಚ್ಚು ಸುರಿದರೆ ದಂಟು ಎತ್ತರ ಬೆಳೆದು ಗಾಳಿಗೆ ಮಲಗುತ್ತದೆ.

ಸೋಲು ಗೆಲುವು ಕೊಯ್ಲಿನಲ್ಲಿದೆ. ಹೂವಾಗಿ ಸುಮಾರು 40 ದಿನಕ್ಕೆ ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಆಗ ಹೊಲದ ನಾಲ್ಕೈದು ಕಡೆ ದಂಟು ಮುರಿದು, ನಡುಭಾಗದ ಗೆಣ್ಣಿನ ರಸವನ್ನು ಬ್ರಿಕ್ಸ್ ಮಾಪಕಕ್ಕೆ (ರಸದ ಸಿಹಿ ಅಳೆಯುವ ಸಾಧನ) ಹನಿಸಿ. 16 ದಾಟಿದ್ದರೆ ತೆನೆ ಕೊಯ್ದು, ಗರಿ ಸವರಿ, ದಂಟು ಕಡಿಯಿರಿ. 24 ಗಂಟೆಯೊಳಗೆ ಗಾಣಕ್ಕೆ ಹೋಗಲೇಬೇಕು: ಕಡಿದ ದಂಟಿನಲ್ಲಿ ಸಕ್ಕರೆ ಒಡೆಯುತ್ತದೆ, ರಸ ಹುಳಿಯುತ್ತದೆ. ಆದ್ದರಿಂದ ಗಾಣದ ಸರದಿ ಗೊತ್ತಾದ ಮೇಲೇ ಕುಡುಗೋಲು ಹಿಡಿಯಿರಿ. ಕಾರ್ಖಾನೆ ದೂರವಿದ್ದರೆ ಆಲೆಮನೆಯಲ್ಲೇ ರಸ ಕಾಯಿಸಿ ಗಟ್ಟಿ ಪಾಕ ಮಾಡಿಟ್ಟರೆ ಬಾಳುತ್ತದೆ. ಅಚ್ಚುಬೆಲ್ಲ ಮಾತ್ರ ಸರಿಯಾಗಿ ಕಟ್ಟುವುದಿಲ್ಲ.

ಟನ್ ದಂಟಿಗೆ ಸುಮಾರು 40 ಲೀಟರ್ ಎಥೆನಾಲ್ ಲೆಕ್ಕ. ಬಟ್ಟಿ ಇಳಿಸಲು ಅಬಕಾರಿ ಪರವಾನಗಿ ಬೇಕು. ರೈತರು ದಂಟು ಇಲ್ಲವೇ ಪಾಕ ಮಾರುವುದೇ ಸರಿ. ಕಾಳು ಮನೆಗೆ, ಸಿಪ್ಪೆ ದನಕ್ಕೆ.